ಎಡ ಮುಂಗಾಲಿನ ಲಾಳ

"ಮೂವತ್ತೈದೇ ಇದೆ," ಎಂದರು ಜಗದಾಂಬಾ, ಕನ್ನಡಕವನ್ನು ಹಣೆಗೇರಿಸಿ. "ಒಂದು ಕಮ್ಮಿ."

ಲಾಯದ ಗೋಡೆಗೆ ಒಂಬತ್ತು ಸಾಲು ಮೊಳೆ ಹೊಡೆದಿತ್ತು. ಓಟಕ್ಕೊಂದು ಸಾಲು, ಸಾಲಿಗೆ ನಾಲ್ಕು ಮೊಳೆ, ಮೊಳೆಗೊಂದು ಹಗುರ ಅಲ್ಯುಮಿನಿಯಂ ಲಾಳ. ಸಾಲಿನ ಪಕ್ಕದಲ್ಲಿ ಸೀಮೆಸುಣ್ಣದಲ್ಲಿ ಬರೆದ ತಾರೀಖು. ಒಂಬತ್ತನೇ ಸಾಲಿನ ಮೊದಲ ಮೊಳೆಗೆ ಮಾತ್ರ ಲಾಳವಿರಲಿಲ್ಲ. ಒಂದು ಕಪ್ಪು ದಾರ ಸುತ್ತಿಕೊಂಡಿತ್ತು, ಅಷ್ಟೇ.

"ಆ ಒಂದು ಎಲ್ಲಿ ಹೋಯ್ತು ಮೂರ್ತಪ್ಪನೋರೇ?"

ಹುಲ್ಲಿನ ಪೆಂಡಿಯ ಮೇಲೆ ಕುಳಿತಿದ್ದ ಮೂರ್ತಪ್ಪ ಎರಡೂ ಅಂಗೈಯನ್ನು ಮೊಣಕಾಲಿನ ಮೇಲೆ ಮಲಗಿಸಿಕೊಂಡು ಅವನ್ನೇ ನೋಡುತ್ತಿದ್ದ. ಆ ಕೈಗಳೇ ಕೆಂಚಿ ಎಂಬ ಓಟದ ಕುದುರೆಗೆ ಲಾಳ ಕಟ್ಟಿದ್ದು. ಹತ್ತು ದಿನದ ಕೆಳಗೆ ಮೈಸೂರಿನ ಓಟದಲ್ಲಿ, ಕಡೆಯ ತಿರುವಿನಲ್ಲಿ, ಕೆಂಚಿಯ ಎಡ ಮುಂಗಾಲಿನ ಲಾಳ ಕಿತ್ತುಹೋಗಿ ಕುದುರೆ ಮುಗ್ಗರಿಸಿ ಬಿದ್ದು ಸತ್ತಿತ್ತು. ಮೇಲಿದ್ದ ಜಾಕಿ ಸಿದ್ದುವಿಗೆ ಸೊಂಟದಿಂದ ಕೆಳಗೆ ಸ್ವಾಧೀನವೇ ಹೋಗಿತ್ತು.

ಲಾಯದಲ್ಲಿ ಈಗ ಒಂದೂ ಕುದುರೆ ಇರಲಿಲ್ಲ. ಮಿಕ್ಕ ಎರಡನ್ನು ಮಾಲೀಕ ಶಿವಶಂಕರಪ್ಪ ಲಾರಿ ತರಿಸಿ ಹೊತ್ತೊಯ್ದಿದ್ದ. ಭದ್ರಾವತಿಯ ಹಳೇ ಕಾರ್ಖಾನೆ ಕ್ವಾರ್ಟರ್ಸಿನ ಹಿಂದೆ, ಮೊದಲು ಗೋಡೌನಾಗಿದ್ದ ಜಾಗ ಅದು. ಕಿಟಕಿಯಿಂದ ನೋಡಿದರೆ ಹೊಗೆ ಬಿಡುವುದನ್ನು ಎಂದೋ ಮರೆತ ಚಿಮಣಿ. ಖಾಲಿ ಲಾಯ ನೋಡಿದರೆ ಯಾರಿಗಾದರೂ ಹೊರಗೆ ಹೋಗಿಬಿಡೋಣ ಎನಿಸುತ್ತದೆ. ಮೂವತ್ತೈದು ವರ್ಷ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಜೀವ ತೇದ ಜಗದಾಂಬಾ ಅವರನ್ನಂತೂ ಕೇಳಲೇಬೇಡಿ.

ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಈ ಹೆಂಗಸಿಗೆ ಮನೆಯಲ್ಲಿ ಕೂತು ಗೊತ್ತಿಲ್ಲ. ವಿಮೆಯವರು, ವಕೀಲರು, ಒಮ್ಮೊಮ್ಮೆ ಪೊಲೀಸರು ಕೂಡ "ಇದು ಹೆಂಗೆ ಸತ್ತಿದ್ದು ಅಂತ ನೋಡಿ ಹೇಳಿ ಡಾಕ್ಟ್ರಮ್ಮ" ಎಂದು ಶಿವಮೊಗ್ಗದ ಗೋಪಾಳದ ಮನೆ ಬಾಗಿಲಿಗೆ ಬರುವುದು, ಇವರು ಚೀಲ ಹೆಗಲಿಗೇರಿಸಿ ಬಸ್ಸು ಹತ್ತುವುದು. ಆಕಳು ಹಾವು ಕಚ್ಚಿ ಸತ್ತಿದೆಯೋ, ವಿಮೆಗಾಗಿ ಸತ್ತಿದೆಯೋ ಎಂದು ಹತ್ತು ನಿಮಿಷದಲ್ಲಿ ಹೇಳಬಲ್ಲವರು ಎಂದು ಜಿಲ್ಲೆಯಲ್ಲೆಲ್ಲ ಹೆಸರು.

ಈ ಸಲದ ಕೆಲಸ ಬೇರೆ. ಮೂರ್ತಪ್ಪನ ಮಗಳು, ಹೊಸ ಟ್ರೇನರು ಪೂಜಿತಾಳ ಮೊದಲ ಒಂಬತ್ತು ಓಟಗಳ ಫಲಿತಾಂಶ ನೋಡಿ, ಅವಳು ಕುದುರೆಯನ್ನು ಹೇಗೆ ಪಳಗಿಸಿದ್ದಳು, ತಪ್ಪು ಯಾರದ್ದು ಎಂದು ಬರೆದುಕೊಡಬೇಕು. ಸಂಜೆ ಐದರೊಳಗೆ ವರದಿ ರೇಸ್ ಕ್ಲಬ್ಬಿನ ವಿಚಾರಣಾ ಸಮಿತಿಗೆ ಮುಟ್ಟಬೇಕು. ನಾಳೆ ಬೆಳಿಗ್ಗೆ ಸಮಿತಿ ಸೇರುತ್ತದೆ. ಪೂಜಿತಾಳ ಪರವಾನಗಿ ಉಳಿಯುವುದೋ ಹೋಗುವುದೋ, ಮೂರ್ತಪ್ಪ ಜೈಲಿಗೆ ಹೋಗುವುದೋ ಮನೆಗೆ ಹೋಗುವುದೋ, ಎಲ್ಲ ಆ ವರದಿಯ ಎರಡು ಹಾಳೆಯ ಮೇಲೆ ನಿಂತಿತ್ತು.

ಚೀಲದೊಳಗೆ ಫೋನು ಬಡಿದುಕೊಂಡಿತು. ಜಗದಾಂಬಾ ಅದನ್ನು ಹೊರಗೆ ತೆಗೆದು ಕಿವಿಗಿಟ್ಟರು, ಏನೂ ಕೇಳಿಸಲಿಲ್ಲ, ಮತ್ತೆ ಕಣ್ಣಿನ ಮುಂದೆ ಹಿಡಿದರು.

"ಕಿವಿ ಸ್ವಲ್ಪ ಮಂದ ಕಣಮ್ಮ. ಆ ಸ್ಪೀಕರ್ರು ಎಲ್ಲಿರತ್ತೆ ನೋಡು."

ಪೂಜಿತಾ ಬಂದು ಬೆರಳಿನಿಂದ ಒತ್ತಿಕೊಟ್ಟಳು. ಇಪ್ಪತ್ತೊಂಬತ್ತರ ಹುಡುಗಿ. ಕೂದಲು ಗಂಡುಮಕ್ಕಳಂತೆ ಗಿಡ್ಡ, ಕಣ್ಣ ಕೆಳಗೆ ಹತ್ತು ದಿನದ ಕಪ್ಪು.

"ಅಕ್ಕಾವ್ರೇ, ಮುಗೀತಾ?" ಶಿವಶಂಕರಪ್ಪನ ತುಂಬು ದನಿ ಖಾಲಿ ಲಾಯದಲ್ಲಿ ಮೊಳಗಿತು. "ಅದ್ರಲ್ಲಿ ಅಂಥಾ ನೋಡೋದೇನಿದೆ ಹೇಳಿ? ಐದು ಓಟ ಬೇಕೂಂತ ಸೋಲ್ಸಿದ್ಲು, ಬೆಟ್ಟಿಂಗಿನೋರ ಜೊತೆ ಸೇರ್ಕೊಂಡು ಆಮೇಲೆ ಗೆಲ್ಸಿದ್ಲು. ಅವಳಪ್ಪ ಕುಡ್ದು ಲಾಳ ಹೊಡ್ದ. ಎರಡು ಸಾಲು ಬರೆದ್ರೆ ಆಯ್ತು. ನಿಮ್ಮಂಥೋರು ಬರೆದ್ರೆ ಯಾರೂ ಎದುರಾಡಲ್ಲ, ಅದಕ್ಕೇ ನಾನು ನಿಮ್ಮನ್ನೇ ಹುಡುಕ್ಕೊಂಡು ಬಂದಿದ್ದು."

"ಬರೆಯೋದು ನಂಗೆ ಗೊತ್ತು ಶಿವಶಂಕರಪ್ಪ. ಏನು ಬರೀಬೇಕು ಅಂತಾನೂ ನಾನೇ ನೋಡ್ಕೋತೀನಿ," ಎಂದು ಜಗದಾಂಬಾ ಫೋನು ಇಟ್ಟರು.

ಶಿವಮೊಗ್ಗದಲ್ಲಿ ಎರಡು ಟ್ರ್ಯಾಕ್ಟರ್ ಷೋರೂಮ್ ಇಟ್ಟುಕೊಂಡ ಸಾಹುಕಾರ, ಕುದುರೆಯನ್ನೂ ಗೇರು ಹಾಕಿದರೆ ಓಡುವ ವಸ್ತು ಎಂದುಕೊಂಡಿದ್ದಾನೆ ಎಂದು ಅವರಿಗೆ ಮೈ ಉರಿಯಿತು.

"ನಮ್ಮಪ್ಪ ಕುಡಿಯಲ್ಲ," ಎಂದಳು ಪೂಜಿತಾ ನೆಲ ನೋಡುತ್ತ. "ಟೀನೂ ಕುಡಿಯಲ್ಲ."

"ಅದು ಬಿಡು. ಇದು ಹೇಳು." ಜಗದಾಂಬಾ ಚೀಲದಿಂದ ಫಲಿತಾಂಶದ ಹಾಳೆ ಎಳೆದರು. ಚೀಲದ ಹಿಡಿಕೆ ಬೆಳಿಗ್ಗೆ ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲೇ ಕಿತ್ತುಹೋಗಿತ್ತು. ಬಿಡಲು ಬಂದಿದ್ದ ಮಗ ಜ್ಞಾನೇಶ್ ಬೈಕಿನ ಡಿಕ್ಕಿಯಿಂದ ಸೆಣಬಿನ ಹುರಿ ತೆಗೆದು ಕಟ್ಟಿಕೊಟ್ಟಿದ್ದ. ಅವನೂ ದನದ ಡಾಕ್ಟರೇ, ಕೋಟೆ ರಸ್ತೆಯಲ್ಲಿ ಸ್ವಂತ ಕ್ಲಿನಿಕ್ಕು. 'ಅಪ್ಪ ಮಗಳು ಅಳ್ತಾರೆ ಅಮ್ಮ, ಕರಗಬೇಡ. ಹೋದ್ಯಾ ಬಂದ್ಯಾ ಅನ್ನೋ ಹಂಗೆ ಬಂದ್ಬಿಡು' ಎಂದಿದ್ದ. ಇವರಿಗೆ ನಗು ಬಂದಿತ್ತು. ತನ್ನ ಕರುಳು ಎಷ್ಟು ಮೆತ್ತಗೆ ಎಂದು ಹೊಟ್ಟೆಯಲ್ಲಿ ಹುಟ್ಟಿದವನಿಗೆ ಗೊತ್ತಿಲ್ಲದೆ ಇರುತ್ತದೆಯೇ!

"ಮೊದಲ ಐದು ಓಟ. ಒಂಬತ್ತನೇ ಸ್ಥಾನ, ಎಂಟನೇದು, ಹತ್ತು, ಮತ್ತೆ ಒಂಬತ್ತು, ಐದನೇದ್ರಲ್ಲಿ ಎಲ್ಲರಿಗಿಂತ ಕೊನೆ. ಆಮೇಲೆ ಒಂದೂವರೆ ತಿಂಗಳು ಓಟಾನೇ ಇಲ್ಲ. ಆರನೇ ಓಟದಲ್ಲಿ ಮೂರನೇದು, ಏಳರಲ್ಲಿ ಎರಡನೇದು, ಎಂಟರಲ್ಲಿ ಫಸ್ಟು. ಅಲ್ಲ ಮಾರಾಯ್ತಿ, ಅದೇ ಕುದುರೆ, ಅದೇ ಜಾಕಿ, ಅದೇ ನೀನು. ಯಾರು ನೋಡಿದ್ರೂ ಏನಂದ್ಕೋತಾರೆ?"

"ಬೇಕೂಂತ ಸೋಲ್ಸಿದ್ಲು ಅಂದ್ಕೋತಾರೆ."

"ಸೋಲ್ಸಿದ್ಯಾ?"

"ಇಲ್ಲ."

"ಮತ್ತೆ?"

ಪೂಜಿತಾ ಆ ಹಾಳೆಯನ್ನು ಪಕ್ಕಕ್ಕೆ ಸರಿಸಿದಳು. ಬೆಂಗಳೂರಿನ ಲಾಯಗಳಲ್ಲಿ ಎಂಟು ವರ್ಷ ಕಂಡವರ ಕುದುರೆಗೆ ಮೈ ತಿಕ್ಕಿ, ಬೆಳಗಿನ ಜಾವ ಸವಾರಿ ಮಾಡಿಸಿ, ಮೂರು ಸಲ ಪರೀಕ್ಷೆ ಕಟ್ಟಿ ಪರವಾನಗಿ ತಗೊಂಡು ಊರಿಗೆ ಬಂದವಳು. ಕಾರ್ಖಾನೆ ಮುಚ್ಚಿದ ಮೇಲೆ ಆ ಕ್ವಾರ್ಟರ್ಸಿನಲ್ಲಿ ಯಾರ ಮನೆಯಲ್ಲೂ ಪಟಾಕಿ ಹೊಡೆದಿರಲಿಲ್ಲ. ಇವಳ ಎಂಟನೇ ಓಟದ ದಿನ ಹೊಡೆದಿದ್ದರು. ಅದೇ ಜನ ಈಗ ಇವಳನ್ನು ಕಂಡರೆ ರಸ್ತೆ ಬದಲಾಯಿಸುತ್ತಿದ್ದರು.

"ಬರ್ಕೊಳ್ಳಿ ಡಾಕ್ಟ್ರಮ್ಮ," ಎಂದ ಮೂರ್ತಪ್ಪ. ಬೆಳಗಿನಿಂದ ಅವನಾಡಿದ ಮೊದಲ ಮಾತು. "ಮೊಳೆ ಸಡ್ಲ ಇತ್ತು ಅಂತ ಬರ್ಕೊಳ್ಳಿ. ತಪ್ಪು ಲಾಳ ಕಟ್ಟಿದೋನ್ದು. ಎಲ್ಲಿ ಹೆಬ್ಬೆಟ್ಟು ಒತ್ತು ಅಂತೀರೋ ಒತ್ತೀನಿ. ನನ್ ಮಗಳ್ನ ಬಿಟ್ಬಿಡಿ."

"ಅಪ್ಪಾ, ಸುಮ್ನಿರಪ್ಪ!"

"ಸಿದ್ದು ನನ್ ಕೈ ಮೇಲೆ ಕಾಲಿಟ್ಟು ಕುದುರೆ ಹತ್ತಿದ್ದ ಕಣವ್ವ. ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಕಾಲು ಮುಟ್ಟಿ ನೋಡ್ದೆ. ಮುಟ್ಟಿದ್ದು ಅವನಿಗೆ ಗೊತ್ತಾಗ್ಲಿಲ್ಲ." ಮೂರ್ತಪ್ಪ ಅಂಗೈಗಳನ್ನು ಮಗುಚಿ ಹಾಕಿದ. "ನಾನು ಬದ್ಕಿ ಏನಾಗ್ಬೇಕು ಇನ್ನು?"

ಬಾಗಿಲ ಬಳಿ ಮುಚ್ಚಿಟ್ಟ ತಟ್ಟೆ ಹಾಗೇ ಇತ್ತು; ಮೂರ್ತಪ್ಪನ ಹೆಂಡತಿ ಕಾಳಮ್ಮ ಬೆಳಿಗ್ಗೆ ತಂದಿಟ್ಟ ರೊಟ್ಟಿ, ಇರುವೆ ಹತ್ತಿತ್ತು.

"ಮೂವತ್ತಾರನೇ ಲಾಳ ಎಲ್ಲಿ?" ಎಂದು ಕೇಳಿದರು ಜಗದಾಂಬಾ. "ಸಮಿತಿಯೋರು ಮೈದಾನ ಎಲ್ಲಾ ಹುಡುಕಿದ್ರಂತೆ, ಸಿಕ್ಕಿಲ್ಲ. ಕಿತ್ತುಹೋದ ಲಾಳ ಮಾಯ ಆಗತ್ತಾ?"

ಪೂಜಿತಾ ಅಪ್ಪನ ಮುಖ ನೋಡಿದಳು. ಆಮೇಲೆ ಮೂಲೆಯಲ್ಲಿದ್ದ ತಗಡಿನ ಟ್ರಂಕು ತೆರೆದು, ಬಟ್ಟೆಗಳ ಅಡಿಯಿಂದ ಟವೆಲ್ಲಿನಲ್ಲಿ ಸುತ್ತಿದ್ದ ಒಂದು ಗಂಟು ತಂದು ಜಗದಾಂಬಾ ಅವರ ಮಡಿಲಲ್ಲಿಟ್ಟಳು.

"ಸಿದ್ದುನ ಸ್ಟ್ರೆಚರ್ ಮೇಲೆ ಹಾಕ್ತಿದ್ರು. ನಾನು ಇದನ್ನ ಹುಲ್ಲಿಂದ ಎತ್ತಿ ಜೇಬಿಗೆ ಹಾಕ್ಕೊಂಡೆ." ಅವಳ ಕೈ ಇನ್ನೂ ಗಂಟಿನ ಮೇಲೇ ಇತ್ತು. "ಅಪ್ಪನ ಮೇಲೆ ಬರತ್ತೆ ಅಂತ ಹೆದರ್ಕೊಂಡೆ ಡಾಕ್ಟ್ರಮ್ಮ. ಜಾಕಿ ಅಲ್ಲಿ ಬಿದ್ದಿದ್ದಾನೆ, ನಾನು ಲಾಳ ಬಚ್ಚಿಡ್ತಾ ಇದ್ದೀನಿ. ಥೂ, ನಾನೆಂಥಾ ಮನುಷ್ಯಳು!"

ಮೂರ್ತಪ್ಪ ತಲೆಯೆತ್ತಿ ಮಗಳನ್ನು ಬಾಯಿ ಬಿಟ್ಟುಕೊಂಡು ನೋಡಿದ. ಹತ್ತು ದಿನ ಒಂದೇ ಸೂರಿನಡಿ ಇದ್ದೂ ಅವನಿಗೆ ಇದು ಗೊತ್ತಿರಲಿಲ್ಲ.

ಜಗದಾಂಬಾ ಟವೆಲ್ಲು ಬಿಚ್ಚಿದರು. ಲಾಳ ಒಂದು ಕಡೆ ಸೊಟ್ಟಗೆ ತಿರುಚಿಕೊಂಡಿತ್ತು. ಒಳಮೈಯಲ್ಲಿ ೪೪೧೭ ಎಂಬ ಅಂಕಿ ಒತ್ತಿತ್ತು. ಕಾರ್ಖಾನೆಯ ಕಮ್ಮಾರಶಾಲೆಯಲ್ಲಿ ಮೂರ್ತಪ್ಪನ ಟೋಕನ್ ನಂಬರು ಅದು. ತಾನು ಮಾಡಿದ ಪ್ರತಿ ತುಂಡಿನ ಮೇಲೂ ನಂಬರು ಒತ್ತಬೇಕು, ಬಳಸಿದ್ದನ್ನು ವಾಪಸು ತಂದು ಗೋಡೆಗೆ ತೂಗಬೇಕು ಎಂಬ ಅಲ್ಲಿನ ಶಿಸ್ತನ್ನು ಕಾರ್ಖಾನೆ ಹೋದರೂ ಅವನು ಬಿಟ್ಟಿರಲಿಲ್ಲ.

ಅವರು ಲಾಳವನ್ನು ಬೆಳಕಿಗೆ ಹಿಡಿದರು. ಭೂತಗನ್ನಡಿ ತೆಗೆದರು. ಬಹಳ ಹೊತ್ತು ನೋಡಿದರು.

"ಮೂರ್ತಪ್ಪನೋರೇ, ಇಲ್ಲಿ ಬನ್ನಿ. ಮೊಳೆ ನೋಡಿ."

"ನಂಗೆ ನೋಡಕ್ಕಾಗಲ್ಲ."

"ನೋಡಿ ಅಂದ್ನಲ್ಲ!" ಜಗದಾಂಬಾ ಗದರಿದರು. "ಸಡ್ಲ ಆದ ಮೊಳೆ ಹೆಂಗೆ ಬರತ್ತೆ? ನುಣ್ಣಗೆ, ನೆಟ್ಟಗೆ ಜಾರ್ಕೊಂಡು ಬರತ್ತೆ. ಇವು ಗೊರಸಿನ ಚೂರನ್ನೇ ಕಚ್ಕೊಂಡು ಬಂದಿವೆ. ಎಂಟಕ್ಕೆ ಎಂಟೂ. ಇಷ್ಟು ಗಟ್ಟಿ ಲಾಳ ನನ್ನ ಸರ್ವಿಸ್ಸಿನಲ್ಲಿ ನಾನು ಕಂಡಿಲ್ಲ. ಇಲ್ಲಿ ಹಿಂಭಾಗದಲ್ಲಿ ಈ ಗುಳಿ ಇದೆಯಲ್ಲ, ಅದು ಹಿಂಗಾಲು ತುಳಿದ ಗುರುತು. ಕುದುರೆ ತನ್ನ ಲಾಳನ ತಾನೇ ತುಳಿದು ಕಿತ್ಕೊಂಡಿದೆ. ನಿಮ್ಮ ಕೈ ತಪ್ಪಿಲ್ಲ."

ಮೂರ್ತಪ್ಪ ಎದ್ದು ಬಂದು, ಲಾಳ ಮುಟ್ಟಿ, ಒಂದೊಂದೇ ಮೊಳೆಯ ಮೇಲೆ ಬೆರಳಾಡಿಸಿದ. ಆಮೇಲೆ ಅಲ್ಲೇ ಕುಸಿದು ಕುಳಿತು ದನಿ ತೆಗೆದು ಅತ್ತ. ಪೂಜಿತಾ ಅವನ ಬೆನ್ನು ಸವರುತ್ತ ನಿಂತಳು. ಆ ಲಾಯದಲ್ಲಿ ಹತ್ತು ದಿನಕ್ಕೆ ಮೊದಲ ಬಾರಿ ಯಾರೋ ಸರಿಯಾಗಿ ಉಸಿರಾಡಿದಂತಾಯಿತು.

ಆದರೆ ಜಗದಾಂಬಾ ಅವರ ಹುಬ್ಬು ಇನ್ನೂ ಗಂಟಿಕ್ಕಿಯೇ ಇತ್ತು.

"ಓಡೋ ಕುದುರೆ ತನ್ನ ಮುಂಗಾಲು ಎಲ್ಲಿದೆ ಅಂತ ತಿಳ್ಕೊಂಡೇ ಹಿಂಗಾಲು ಇಡತ್ತೆ. ಇದಕ್ಕೆ ಯಾಕೆ ತಿಳೀಲಿಲ್ಲ?"

ಅವರು ಗೋಡೆಯ ಹತ್ತಿರ ಹೋದರು. ಮೊದಲ ಸಾಲಿನಿಂದ ಎಡ ಮುಂಗಾಲಿನ ಲಾಳ ತೆಗೆದರು, ಎರಡನೆಯದರಿಂದ, ಮೂರನೆಯದರಿಂದ. ಹೀಗೆ ಮೊದಲ ಐದು ಓಟದವನ್ನೂ ಒಂದು ಗೋಣಿತಾಟಿನ ಮೇಲೆ ಸಾಲಾಗಿ ಇಟ್ಟರು. ಆರು, ಏಳು, ಎಂಟನೇ ಓಟದವನ್ನು ಕೆಳಗಿನ ಸಾಲಿನಲ್ಲಿ ಇಟ್ಟರು. ಕ್ಲಬ್ಬಿನವರು ಅಚ್ಚು ಹಾಕಿಸಿದ ಹಾಳೆಗಿಂತ ಇದು ನಂಬಬಹುದಾದ ಫಲಿತಾಂಶದ ಪಟ್ಟಿ.

"ಪೂಜಿತಾ, ನೀನು ಟ್ರೇನರು. ನೀನೇ ಹೇಳು. ಏನು ಕಾಣ್ಸತ್ತೆ?"

ಹುಡುಗಿ ಮಂಡಿಯೂರಿ ಕುಳಿತಳು. ಒಂದೊಂದನ್ನೇ ಎತ್ತಿ ತಿರುಗಿಸಿ ನೋಡಿದಳು.

"ಮೇಲಿನ ಐದೂ ಮುಂತುದೀಲಿ ಸವೆದಿವೆ. ಹಿಂದೆ ಹೊಸದ್ರ ಹಂಗೇ ಇದೆ."

"ಅಂದ್ರೆ?"

"ಹಿಮ್ಮಡಿ ನೆಲಕ್ಕೆ ಇಡ್ತಿರ್ಲಿಲ್ಲ. ನೋವಿತ್ತು ಕೆಂಚಿಗೆ." ಅವಳು ತಲೆಯೆತ್ತಿದಳು. "ನಾನು ಸಾವ್ಕಾರ್ರಿಗೆ ಹೇಳ್ದೆ ಡಾಕ್ಟ್ರಮ್ಮ! ಐದೂ ಸಲ ಹೇಳ್ದೆ. ಏನೋ ನೋವಿದೆ, ಆರು ತಿಂಗಳು ಓಡ್ಸೋದು ಬೇಡ ಅಂತ. ಸಿದ್ದೂಗೆ ಹೇಳಿದ್ದೆ, ಹೊಡೀಬೇಡ, ಅವಳು ಎಷ್ಟು ಓಡ್ತಾಳೋ ಅಷ್ಟು ಓಡ್ಲಿ ಅಂತ. ಅದಕ್ಕೇ ಸೋತ್ವಿ."

"ಇದನ್ನ ಯಾಕೆ ಹೇಳ್ಲಿಲ್ಲ ಇಷ್ಟೊತ್ತು?"

"ಆಮೇಲೆ ಗೆದ್ಲಲ್ಲ! ನೋವಿರೋ ಕುದುರೆ ಹೆಂಗೆ ಗೆಲ್ತು ಅಂತ ಕೇಳಿದ್ರೆ ನಾನೇನು ಹೇಳ್ಲಿ?"

"ಕೆಳಗಿನ ಸಾಲು ನೋಡು."

ಕೆಳಗಿನ ಮೂರು ಲಾಳ ಹಿಂಭಾಗದಲ್ಲಿ ಸವೆದು ತೆಳ್ಳಗಾಗಿದ್ದವು. ನೋವಿದ್ದ ಹಿಮ್ಮಡಿಯನ್ನೇ ಕುದುರೆ ಧಡಧಡನೆ ನೆಲಕ್ಕೆ ಕುಟ್ಟಿತ್ತು. ನೋವು ವಾಸಿಯಾದ ಕಾಲಿನ ಹೆಜ್ಜೆ ಅದಲ್ಲ. ಹೆಜ್ಜೆಯಿಟ್ಟದ್ದೇ ತಿಳಿಯದ ಕಾಲು.

"ಐದಕ್ಕೂ ಆರಕ್ಕೂ ನಡುವೆ ಕೆಂಚಿ ಎಲ್ಲಿತ್ತು?"

"ಕುಂಸಿ ಹತ್ರ ಸಾವ್ಕಾರ್ರ ಫಾರ್ಮಲ್ಲಿ. ಮೇಯ್ಲಿ, ರೆಸ್ಟ್ ಆಗ್ಲಿ ಅಂತ ತಾವೇ ಕರ್ಕೊಂಡು ಹೋದ್ರು. ನಾನು ಬರ್ತೀನಿ ಅಂದೆ, ಬೇಡ ಅಂದ್ರು. ಒಂದೂವರೆ ತಿಂಗಳಾದ್ಮೇಲೆ ವಾಪಸ್ ಬಂತು. ಬಂದಾಗ ಎಡ ಮುಂಗಾಲಲ್ಲಿ, ಗೊರಸಿನ ಮೇಲ್ಗಡೆ ಆ ದಾರ ಇತ್ತು."

ಖಾಲಿ ಮೊಳೆಯ ಮೇಲಿನ ಕಪ್ಪು ದಾರ. ಶಿವಮೊಗ್ಗ ಕೋಟೆಯ ದೇವಸ್ಥಾನದೆದುರು ಯಾವ ಅಂಗಡಿಯಲ್ಲಾದರೂ ಸಿಗುವ ದಪ್ಪ ನೂಲಿನ ದೃಷ್ಟಿದಾರ.

"ಮನೆ ದೇವ್ರ ಹತ್ರ ಕಟ್ಸಿದ್ದು, ವರ್ಷ ತುಂಬೋವರ್ಗೂ ಬಿಚ್ಚಬಾರ್ದು ಅಂದ್ರು. ಅಮ್ಮ ಶುಕ್ರವಾರ ಶುಕ್ರವಾರ ಅದಕ್ಕೆ ಅರಿಶಿನ ಹಚ್ಚೋಳು. ನಾನು ಓಟದ ದಿನ ಅದರ ಮೇಲೇ ಬ್ಯಾಂಡೇಜ್ ಸುತ್ತುತಿದ್ದೆ."

"ಯಾವತ್ತೂ ಬಿಚ್ಚಿ ನೋಡ್ಲಿಲ್ಲ?"

"ದೃಷ್ಟಿಗೆ ಕಟ್ಟಿದ್ದನ್ನ ಯಾರಾದ್ರೂ ಬಿಚ್ತಾರಾ ಡಾಕ್ಟ್ರಮ್ಮ?"

ಬಿಚ್ಚುವುದಿಲ್ಲ. ಈ ಸೀಮೆಯಲ್ಲಿ ಯಾರೂ ಬಿಚ್ಚುವುದಿಲ್ಲ. ಬೀಗ ಹಾಕಿದ್ದನ್ನು ಒಡೆದು ನೋಡುವವರಿದ್ದಾರೆ, ದೃಷ್ಟಿದಾರ ಬಿಚ್ಚುವವರಿಲ್ಲ. ಕಟ್ಟಿಸಿದವನಿಗೆ ಅದು ಚೆನ್ನಾಗಿ ಗೊತ್ತಿತ್ತು.

"ಹೂಳೋ ಮುಂಚೆ ನಾನೇ ಕತ್ತರ್ಸಿ ತಂದೆ," ಎಂದ ಮೂರ್ತಪ್ಪ ಕಣ್ಣೊರೆಸಿಕೊಳ್ಳುತ್ತ. "ಅವಳ್ದು ಅಂತ ಏನಾದ್ರೂ ಒಂದು ಇರ್ಲಿ ಅಂತ."

ಜಗದಾಂಬಾ ಮೊಳೆಯಿಂದ ದಾರ ಬಿಡಿಸಿ ಬಿಳಿ ಕರವಸ್ತ್ರದ ಮೇಲೆ ಹರಡಿದರು. ಭೂತಗನ್ನಡಿ ಇಟ್ಟರು. ನೂಲಿನ ಒಳಮೈಯಲ್ಲಿ ಅರಿಶಿನದ ಪುಡಿಯ ಜೊತೆ ಕೂದಲು ಸಿಕ್ಕಿಕೊಂಡಿದ್ದವು. ಕೆಂಪು ಕೂದಲು. ನಡುನಡುವೆ ಬಿಳಿ.

"ಕೆಂಚಿಗೆ ಆ ಕಾಲಲ್ಲಿ ಬಿಳಿ ಮಚ್ಚೆ ಇತ್ತಾ?"

"ಮೈಯೆಲ್ಲಾ ಹುಡುಕಿದ್ರೂ ಒಂದು ಬಿಳಿ ಕೂದ್ಲು ಇರ್ಲಿಲ್ಲ. ಅದಕ್ಕೇ ಕೆಂಚಿ ಅಂತ ಕರೀತಿದ್ದಿದ್ದು."

"ಚರ್ಮ ಕೊಯ್ದ ಕಡೆ ಕುದುರೆಗೆ ಕೂದ್ಲು ಬಿಳಿಯಾಗಿ ಹುಟ್ಟತ್ತೆ," ಎಂದರು ಜಗದಾಂಬಾ ನಿಧಾನವಾಗಿ. "ಹಿಮ್ಮಡಿಗೆ ಹೋಗೋ ನರ ದಾರ ಕಟ್ಟಿದ್ದ ಜಾಗದಲ್ಲೇ ಬರತ್ತೆ, ಎರಡೂ ಪಕ್ಕ. ಅದನ್ನ ಕತ್ತರಿಸಿಬಿಟ್ರೆ ನೋವು ಇರಲ್ಲ. ಕಾಲು ಮುರೀತಾ ಇದ್ರೂ ಕುದುರೆಗೆ ಗೊತ್ತಾಗಲ್ಲ. ಓಡತ್ತೆ. ಗೆಲ್ಲತ್ತೆ. ಒಂದು ದಿನ ಬೀಳತ್ತೆ. ಓಟದ ಕುದುರೆಗೆ ಹಂಗೆ ಮಾಡಬಾರ್ದು ಅಂತ ಕಾನೂನೇ ಇದೆ."

ಪೂಜಿತಾ ಕೆಳಗಿನ ಮೂರು ಲಾಳಗಳನ್ನೇ ದಿಟ್ಟಿಸುತ್ತಿದ್ದಳು.

"ಹಂಗಾದ್ರೆ ಆ ಗೆಲುವು ನಂದಲ್ವಾ?"

ಜಗದಾಂಬಾ ಅವರಿಗೆ ಸುಳ್ಳು ಹೇಳುವ ಮನಸ್ಸಾಯಿತು. ಹೇಳಲಾಗಲಿಲ್ಲ.

"ಅಲ್ಲ ಕಣಮ್ಮ."

"ನಾನು ಮೇವು ಬದಲಾಯಿಸಿದ್ದೆ. ಹೊಳೆ ದಂಡೆ ಮರಳಲ್ಲಿ ನಡೆಸ್ತಿದ್ದೆ. ದಿನಾ ಎರಡು ಗಂಟೆ ಕಾಲು ತಿಕ್ತಿದ್ದೆ. ನನ್ ಕೈ ಗುಣ ಅಂದ್ಕೊಂಡೆ." ಅವಳು ನಕ್ಕಳು. "ಊರೋರು ಹಾರ ಹಾಕಿದ್ರು. ನಾನು ಕತ್ತು ಬಗ್ಗಿಸಿ ಹಾಕಿಸ್ಕೊಂಡೆ."

"ಮೊದಲ ಐದು ಓಟ ಇದೆಯಲ್ಲ, ಅವು ನಿನ್ನವು. ನೋವಿರೋ ಪ್ರಾಣಿನ ಹೊಡೀದೆ, ಬಡೀದೆ ಐದು ಸಲಾನೂ ಜೀವಂತ ವಾಪಸ್ ತಂದೆ. ನಂಗೆ ಕೇಳಿದ್ರೆ ಟ್ರೇನರ್ರು ಅಂದ್ರೆ ಅದೇ."

"ಸೋತಿದ್ದು ಮಾತ್ರ ನಂದು," ಎಂದಳು ಪೂಜಿತಾ.

"ಇದನ್ನ ಮಾಡಿದ್ದು ಯಾರು ಡಾಕ್ಟ್ರಮ್ಮ?" ಮೂರ್ತಪ್ಪನ ದನಿ ಈಗ ಬೇರೆಯಾಗಿತ್ತು. "ಸಾವ್ಕಾರ ಮಾಡ್ಸಿರ್ತಾನೆ, ಸರಿ. ಚಾಕು ಹಿಡಿದೋನು ಯಾರು?"

"ಡಾಕ್ಟರೇ ಆಗಿರ್ಬೇಕು. ಅನುಭವ ಇರೋನು," ಎನ್ನುತ್ತ ಜಗದಾಂಬಾ ದಾರದ ಗಂಟನ್ನು ಕನ್ನಡಿಯಡಿಗೆ ತಂದರು.

ಮೂರ್ತಪ್ಪ ಕಬ್ಬಿಣದ ಕೆಲಸದವನು. ಕತ್ತರಿಸುವಾಗ ಬೆಸುಗೆ ಮುಟ್ಟದವನು. ದಾರವನ್ನೂ ಹಾಗೇ ಗಂಟಿನ ಎದುರು ಬದಿಗೆ ಕತ್ತರಿಸಿದ್ದ. ಗಂಟು ಇದ್ದಂತೆಯೇ ಉಳಿದಿತ್ತು. ದೇವಸ್ಥಾನದ ಪೂಜಾರಿ ಹಾಕುವ ಗಂಟಲ್ಲ ಅದು. ಮೊದಲ ಮಡಿಕೆಗೆ ಮೂರು ಸುತ್ತು. ಹೊಲಿಗೆ ಹಾಕುವ ಡಾಕ್ಟರುಗಳು ಎರಡೇ ಸುತ್ತುತ್ತಾರೆ. ಮೂರು ಸುತ್ತುವವರು ಜಗದಾಂಬಾ ಅವರಿಗೆ ತಿಳಿದಂತೆ ಇಬ್ಬರೇ.

ಒಬ್ಬರು ಸ್ವತಃ ಅವರು. ಕಾಲೇಜಿನಲ್ಲಿ ಮೇಷ್ಟರು ಬೈದರೂ ಬಿಡದ ಅಭ್ಯಾಸ.

ಆದರೆ ಅವರ ಗಂಟು ಬಲಕ್ಕೆ ಕೂರುತ್ತದೆ. ಇದು ಎಡಕ್ಕೆ ಕೂತಿತ್ತು. ಎಡಗೈಯವನು ಕಟ್ಟಿದ್ದು. ಗೋಪಾಳದ ಮನೆಯ ಅಡುಗೆಮನೆಯಲ್ಲಿ ಊಟದ ಮೇಜಿನ ಕಾಲಿಗೆ ದಾರ ಸುತ್ತಿ, 'ನಿಂದು ಎಡಗೈ ಅಲ್ವೇನೋ, ಉಲ್ಟಾ ಹಿಡ್ಕೋ' ಎಂದು ಅವರೇ ಹೇಳಿಕೊಟ್ಟದ್ದು. ರಜಕ್ಕೆ ಬಂದಿದ್ದ ಹುಡುಗ. ಪಶುವೈದ್ಯಕೀಯದ ಮೊದಲ ವರ್ಷದ ಓದು. ಕೈಗೆ ಹತ್ತಿದ ಕೂಡಲೇ 'ಅಮ್ಮ, ನೋಡಿಲ್ಲಿ!' ಎಂದು ಹಿಗ್ಗಿನಿಂದ ತೋರಿಸಿದ್ದ ಗಂಟು.

ಅವರ ಕೈಯಿಂದ ಭೂತಗನ್ನಡಿ ಜಾರಿ ಗೋಣಿತಾಟಿನ ಮೇಲೆ ಬಿತ್ತು.

ಬೆಂಗಳೂರಿನಲ್ಲಿ ಬೇಕಾದಷ್ಟು ಕುದುರೆ ಡಾಕ್ಟರುಗಳಿರುವಾಗ, ಶಿವಶಂಕರಪ್ಪ ಗೋಪಾಳದ ನಿವೃತ್ತ ದನದ ಡಾಕ್ಟರನ್ನು ಹುಡುಕಿಕೊಂಡು ಬಂದದ್ದು ಯಾಕೆಂದು ಈಗ ಅರ್ಥವಾಯಿತು. ಒಂದು ವೇಳೆ ಸತ್ಯ ಕಂಡರೂ ಬರೆಯಲಾರದವರು ಇಡೀ ಜಿಲ್ಲೆಯಲ್ಲಿ ಒಬ್ಬರೇ ಇದ್ದರು.

"ಏನಾಯ್ತು ಡಾಕ್ಟ್ರಮ್ಮ? ನೀರು ಕೊಡ್ಲಾ?" ಎಂದಳು ಪೂಜಿತಾ.

"ಏನಿಲ್ಲ. ಬೆಳಿಗ್ಗೆ ತಿಂಡಿ ತಿಂದಿಲ್ಲ, ಅದಕ್ಕೆ." ಮಾತು ತನ್ನಷ್ಟಕ್ಕೆ ಹೊರಟಿತ್ತು. "ಈ ದಾರ ನನ್ ಹತ್ರ ಇರ್ಲಿ. ಸಾಕ್ಷಿಗೆ ಬೇಕಾಗತ್ತೆ."

"ನೀವು ಬರೀತೀರಲ್ವಾ? ಕಂಡಿದ್ದನ್ನ ಕಂಡ ಹಂಗೆ?"

ಹುಡುಗಿಯ ಕಣ್ಣಲ್ಲಿ ಅಷ್ಟು ಹೊತ್ತಿಗೆ ಇಷ್ಟೇ ಇಷ್ಟು ಬೆಳಕು ಹುಟ್ಟಿತ್ತು. ಅದನ್ನು ನೋಡಲಾಗದೆ ಜಗದಾಂಬಾ ಮುಖ ತಿರುಗಿಸಿದರು.

"ಬರೀತೀನಿ."

ಮೂವತ್ತೈದು ವರ್ಷದ ಸರ್ವಿಸ್ಸಿನಲ್ಲಿ ಒಂದು ಸುಳ್ಳು ವರದಿ ಬರೆದವರಲ್ಲ. ಈಗ ಏನು ಬರೆಯುತ್ತೇನೆಂದು ಅವರಿಗೇ ಗೊತ್ತಿರಲಿಲ್ಲ. ಸಿದ್ದುವಿನ ಕಾಲು ಕಣ್ಣೆದುರು ಬಂತು, ಆಮೇಲೆ ಜ್ಞಾನೇಶನ ಮುಖ ಬಂತು, ಹೋಗಲೊಲ್ಲದು. ಕರವಸ್ತ್ರ ಮಡಿಸಿ, ದಾರವನ್ನು ಅದರೊಳಗೆ ಸೇರಿಸಿ ಚೀಲದ ಬಾಯಿ ತೆರೆದರು.

"ಡಾಕ್ಟ್ರಮ್ಮ," ಎಂದ ಮೂರ್ತಪ್ಪ.

ಅವನು ಅವರ ಮುಖ ನೋಡುತ್ತಿರಲಿಲ್ಲ. ಚೀಲದ ಹಿಡಿಕೆ ನೋಡುತ್ತಿದ್ದ. ಮೂವತ್ತು ವರ್ಷ ಜೋಡಣೆಯ ಕೆಲಸ ನೋಡಿಯೇ ಸೈ ಅಥವಾ ಅಲ್ಲ ಎನ್ನುತ್ತಿದ್ದ ಕಣ್ಣು ಅದು.

"ಆ ದಾರದ ಗಂಟೂ ನಿಮ್ ಚೀಲದ ಗಂಟೂ ಒಂದೇ ಕೈದು. ಮೂರು ಸುತ್ತು. ಎಡಕ್ಕೆ." ಅವನು ಸೆಣಬಿನ ಹುರಿಯತ್ತ ಬೆರಳು ತೋರಿಸಿದ. "ಇದನ್ನ ಕಟ್ಕೊಟ್ಟೋರು ಯಾರು?"

ಪೂಜಿತಾ ಅಪ್ಪನನ್ನು ನೋಡಿದಳು, ಚೀಲವನ್ನು ನೋಡಿದಳು. ಅವಳಿಗಿನ್ನೂ ಅರ್ಥವಾಗಿರಲಿಲ್ಲ.

ಆಗಲೇ ಚೀಲದೊಳಗೆ ಫೋನು ಬಡಿದುಕೊಂಡಿತು. ಜಗದಾಂಬಾ ಅಲುಗಾಡಲಿಲ್ಲ. ಪಾಪ, ಕಿವಿ ಮಂದವಲ್ಲವೇ, ಕೇಳಿಸಿರಲಿಕ್ಕಿಲ್ಲ ಎಂದುಕೊಂಡು ಪೂಜಿತಾಳೇ ಕೈ ಹಾಕಿ ಫೋನು ತೆಗೆದಳು. ಮುಂಚೆ ಮಾಡಿದಂತೆಯೇ ಸ್ಪೀಕರ್ ಒತ್ತಿ ಅವರ ಮುಂದೆ ಹಿಡಿದಳು.

"ಅಮ್ಮಾ," ಎಂದಿತು ಜ್ಞಾನೇಶನ ದನಿ, ಅವಸರದಲ್ಲಿ. "ಅಲ್ಲೇ ಇದ್ದೀಯಾ? ಕುದುರೆ ಕಾಲಿಗೆ ಒಂದು ಕಪ್ಪು ದಾರ ಕಟ್ಟಿತ್ತು. ಅದು ಅವರ ಹತ್ರ ಏನಾದ್ರೂ ಇದ್ಯಾ ನೋಡು. ಇದ್ರೆ ಹೆಂಗಾದ್ರೂ ಮಾಡಿ ತಗೊಂಡು ಬಂದ್ಬಿಡಮ್ಮ, ನಿನ್ ಕಾಲಿಗೆ ಬೀಳ್ತೀನಿ. ಅಮ್ಮಾ? ಕೇಳಿಸ್ತಾ ಇದ್ಯಾ?"

ಕೇಳಿಸುತ್ತಿತ್ತು. ಮೂವರಿಗೂ ಕೇಳಿಸುತ್ತಿತ್ತು.

ಮೂರ್ತಪ್ಪ ಎದ್ದು ಹೋಗಿ ಲಾಯದ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದ.